ಕೇಪು ಕಿತ್ತ ಬಂದೂಕು

ನಮ್ಮ ಬೀದಿಯ ಹುಡುಗಿಯೊಬ್ಬಳು ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಈ ಬೀದಿಯಲ್ಲಿ ಇರುವವರೆಲ್ಲ ಹೆಚ್ಚುಕಡಿಮೆ ಫ್ಯಾಕ್ಟರಿ ಕೆಲಸದವರು. ಖಾಕಿ ತೊಟ್ಟು ನಿವೃತ್ತಳಾದವಳು ನಾನೊಬ್ಬಳೇ. ಹಾಗಾಗಿ ಸಿಹಿ ಡಬ್ಬಿ ಹಿಡಿದುಕೊಂಡು ಮೊದಲು ನಮ್ಮ ಮನೆಗೇ ಬಂದಳು. ಕಾಲಿಗೆ ನಮಸ್ಕರಿಸಿ ಎದ್ದವಳು ಮೊದಲು ಕೇಳಿದ್ದು, "ಆಂಟಿ, ಗನ್ ಯಾವಾಗ ಕೊಡ್ತಾರೆ? ಭುಜದ ಮೇಲೆ ಹಾಕ್ಕೊಂಡು ಒಂದು ಫೋಟೊ ತೆಗೆಸ್ಕೋಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಸಂತೋಷದ ದಿನ ಬೈಯಬಾರದೆಂದು ಸಿಹಿಯನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದೆ. ಅವಳು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ಬೈಯಬೇಕಾದದ್ದನ್ನೆಲ್ಲ ಬರೆದೇ ಬಿಡೋಣವೆಂದು ಕೂತಿದ್ದೇನೆ, ಅವಳಿಗೂ ಅವಳ ಜೊತೆ ಸೇರುವವರಿಗೂ. ನನಗೆ ಯಾವ ವರ್ಷ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನು ಇದರಲ್ಲಿ ಹುಡುಕಬೇಡಿ. ನನ್ನ ಸರ್ವೀಸಿನ ಬಹುಪಾಲು ಕಳೆದದ್ದು ಬಂದೂಕಿನ ಜೊತೆ, ಅದಕ್ಕಿಂತ ಹೆಚ್ಚಾಗಿ ಬಂದೂಕು ಕಂಡರೆ ಮೈಮರೆಯುವ ಜನರ ಜೊತೆ. ಅದನ್ನಷ್ಟೇ ಹೇಳುತ್ತೇನೆ.

ನಾನು ಉದ್ದನಪಲ್ಲಿ ಕಡೆಯವಳು. ನಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಠಾಣೆಯಲ್ಲಿ ತಮಿಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲಿದ್ದ ಇನ್‌ಸ್ಪೆಕ್ಟರ್‌ಗೆ ಒಂದು ನಂಬಿಕೆಯಿತ್ತು. ಬಂದೂಕು ಜನರ ಕಣ್ಣಿಗೆ ಬೀಳುತ್ತಿದ್ದರೆ ಅರ್ಧ ಅಪರಾಧ ತಾನಾಗಿ ನಿಲ್ಲುತ್ತದೆ ಎಂದು. ಒಂದು ಸಂತೆಯ ದಿನ ನನಗೂ ಇನ್ನೊಬ್ಬ ಹುಡುಗಿಗೂ ರೈಫಲ್ ಕೊಟ್ಟು, ಸಂತೆಯ ಉದ್ದಕ್ಕೂ ನಡೆದು ಬನ್ನಿ ಎಂದು ಕಳಿಸಿದರು. ಜನ ಹೆದರಿ ಪಕ್ಕಕ್ಕೆ ಸರಿಯುವುದಿರಲಿ, ಹೆಂಗಸರ ಭುಜದ ಮೇಲಿನ ಬಂದೂಕು ನೋಡಲು ಮುಗಿಬಿದ್ದರು. ಸೊಪ್ಪು ಮಾರುವ ಮುದುಕಿಯೊಬ್ಬಳು ಎದ್ದು ಬಂದು ನಳಿಕೆಯನ್ನು ಸವರಿ, "ಎಷ್ಟ್ ತಣ್ಣಗೈತವ್ವಾ! ಇದು ನಿಂದೇನಾ, ಇಲ್ಲ ನಿನ್ ಗಂಡಂದಾ?" ಎಂದು ಕೇಳಿದಳು. ಆ ನೂಕುನುಗ್ಗಲಿನಲ್ಲಿ ಜೇಬುಗಳ್ಳರಿಗೆ ಹಬ್ಬವೋ ಹಬ್ಬ. ಸಂಜೆ ಠಾಣೆಯ ಮುಂದೆ ಹಣ ಕಳೆದುಕೊಂಡವರ ಸಾಲು ನೋಡಿ ಇನ್‌ಸ್ಪೆಕ್ಟರ್ ನಮ್ಮಿಬ್ಬರಿಗೇ ಬೈದರು. ಮರುವಾರ ಲಾಠಿ ಮಾತ್ರ ಕೊಟ್ಟು ಕಳಿಸಿದರು.

ಬಂದೂಕನ್ನು ನನಗೆ ನಿಜವಾಗಿ ಕಲಿಸಿದವರು ಕೃಷ್ಣಗಿರಿಯಲ್ಲಿ ಆಯುಧ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು. ಮಾತು ಕಡಿಮೆ, ಗೊಣಗಾಟ ಜಾಸ್ತಿ. ಒಮ್ಮೆ ಅವರು ಕೊಟ್ಟ ರೈಫಲನ್ನು ನಾನು ಹಾಗೆಯೇ ಪಕ್ಕಕ್ಕೆ ಇಟ್ಟೆ.

"ಒಳಗೆ ನೋಡಿದೆಯಾ?" ಎಂದರು ತಮಿಳಿನಲ್ಲಿ.

"ನೀವೇ ನೋಡಿ ಕೊಟ್ಟಿರಲ್ಲ ಸಾರ್."

"ನಾನು ನೋಡಿದ್ದು ನನಗಾಯಿತು. ನಿನಗೆ?"

ಅಂದು ಮಧ್ಯಾಹ್ನದವರೆಗೆ ಅದೇ ರೈಫಲನ್ನು ಅವರಿಂದ ತೆಗೆದುಕೊಳ್ಳುವುದು, ತೆರೆದು ನೋಡುವುದು, ಹಿಂದಕ್ಕೆ ಕೊಡುವುದು, ಮತ್ತೆ ತೆಗೆದುಕೊಳ್ಳುವುದು, ಇದೇ ನನ್ನ ಕೆಲಸವಾಯಿತು. ನೋಡಿದವರೆಲ್ಲ ನಕ್ಕರು. ಅಳು ಬರುವಷ್ಟು ಅವಮಾನವಾಯಿತು. ಆದರೆ ಅಂದಿನಿಂದ ಇಂದಿನವರೆಗೆ ಬೇರೆಯವರು ಖಾಲಿ ಎಂದ ಬಂದೂಕನ್ನು ನಾನು ಖಾಲಿ ಎಂದು ನಂಬಿದ್ದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಹೆಡ್ ಕಾನ್‌ಸ್ಟೆಬಲ್ ಆಗಿದ್ದ ಠಾಣೆ ಸಾನಮಾವು ಕಾಡಿನಿಂದ ದೂರವಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್‌ಗೆ ತಮಿಳಿನಲ್ಲಿ ಏಟು ಎನ್ನುತ್ತಾರೆ, ಆದ್ದರಿಂದ ಸುತ್ತಿನ ಹಳ್ಳಿಗಳಿಗೆಲ್ಲ ನಾನು ಏಟಮ್ಮ. ಆ ಹಳ್ಳಿಗಳಲ್ಲಿ ಹಂದಿ ಕಾಟಕ್ಕೆಂದು ತಾತ ಮುತ್ತಾತಂದಿರು ಲೈಸೆನ್ಸ್ ಮಾಡಿಸಿದ್ದ ನಾಡ ಬಂದೂಕುಗಳು ಈಗಲೂ ಕೆಲವು ಉಳಿದಿವೆ. ಬಾಯಿಯ ಕಡೆಯಿಂದ ಮದ್ದು, ಗುಂಡು ತುಂಬಿ ಕಬ್ಬಿಣದ ಕಡ್ಡಿಯಿಂದ ಗಿಡಿಯುವ ಉದ್ದ ನಳಿಕೆಯವು. ಹಿಂಬದಿಯಲ್ಲಿ ಟೋಪಿಯ ಆಕಾರದ ಒಂದು ಪುಟ್ಟ ತಾಮ್ರದ ಬಿಲ್ಲೆ ಇಡಬೇಕು, ಅದೇ ಕೇಪು. ಕುದುರೆ ಎಂದು ಕರೆಯುವ ಪುಟ್ಟ ಸುತ್ತಿಗೆ ಬಂದು ಕೇಪಿನ ಮೇಲೆ ಬಡಿದರೆ ಕಿಡಿ ಹಾರಿ ಮದ್ದಿಗೆ ತಗಲುತ್ತದೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕು ತಂದು ಠಾಣೆಯಲ್ಲಿ ಒಪ್ಪಿಸಬೇಕು. ಎಲ್ಲ ಮುಗಿದ ಮೇಲೆ ಹಿಂದಕ್ಕೆ ಒಯ್ಯಬಹುದು.

ಹಾಗೆ ತರುವವರಲ್ಲಿ ತಿಮ್ಮರಾಯಪ್ಪ ಒಬ್ಬ. ಅವನ ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ನನ್ನ ಬೀದಿಗೇ ಬಂದು ಜಗಳವಾಡುತ್ತಾರೆ. ಎಪ್ಪತ್ತು ದಾಟಿದ ಮುದುಕ, ಬೆನ್ನು ಮಾತ್ರ ನೆಟ್ಟಗೆ. ಬೇರೆಯವರು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಾಚುತ್ತಾ ತಂದರೆ, ಇವನು ಬಸ್ಸಿನಿಂದಿಳಿದು ಹೆಗಲ ಮೇಲೆ ಹೊತ್ತು ರಸ್ತೆಯ ನಡುಮಧ್ಯೆ ನಡೆದು ಬರುತ್ತಿದ್ದ. ಟೀ ಅಂಗಡಿಯವನು ಇವನಿಗೆ ಮೊದಲು ಟೀ ಕೊಡುತ್ತಿದ್ದ. ಬೆಂಚಿನ ಮೇಲೆ ಕೂತವರು ಎದ್ದು ಜಾಗ ಬಿಡುತ್ತಿದ್ದರು. ಊರಿನಲ್ಲೂ ಹಾಗೆಯೇ. ಆನೆ ಬಂತೆಂದು ಕೂಗೆದ್ದರೆ ತಿಮ್ಮರಾಯಪ್ಪ ಬಂದೂಕು ಹಿಡಿದು ಮುಂದೆ ನಡೆಯಬೇಕು, ಮಿಕ್ಕವರು ಪಂಜು, ತಗಡು ಹಿಡಿದು ಹಿಂದೆ. ಆ ಬಂದೂಕಿನಿಂದ ಆನೆಗೆ ಏನೂ ಆಗುವುದಿಲ್ಲವೆಂದು ಆನೆಗೂ ಗೊತ್ತು, ಅವನಿಗೂ ಗೊತ್ತು. ಆದರೂ ಅದು ಹೆಗಲ ಮೇಲೆ ಕಂಡರೆ ಊರಿಗೆ ಧೈರ್ಯ.

ಒಂದು ಸಲದ ಚುನಾವಣೆಯಲ್ಲಿ ಅವನು ಬಂದೂಕು ತರುವ ಹಿಂದಿನ ದಿನ ಅವನ ಸೊಸೆ ರತ್ನಮ್ಮ ಠಾಣೆಗೆ ಬಂದಳು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಕಂಪನಿ ಬಸ್ಸಿನಿಂದ ನಮ್ಮ ಠಾಣೆಯ ಮುಂದೆಯೇ ಇಳಿದು, ಯೂನಿಫಾರಂ ಕೋಟನ್ನು ಕೈಯಲ್ಲಿ ಮಡಿಸಿ ಹಿಡಿದುಕೊಂಡೇ ಒಳಗೆ ಬಂದಳು.

"ಏಟಮ್ಮ, ನಾಳೆ ನಮ್ ಮಾವ ತುಪಾಕಿ ತತ್ತಾರೆ. ಇಸ್ಕಳಿ. ಆದ್ರೆ ವಾಪಸ್ ಕೊಡ್ಬ್ಯಾಡಿ."

ಯಾಕೆಂದು ಕೇಳಿದೆ.

"ಮಕ್ಳು ಮಲ್ಗೋ ಜಾಗದ್ ಮ್ಯಾಲೇ ಗೋಡೇಲಿ ನೇತಾಕ್ತಾರೆ. ಕೇಳುದ್ರೆ ಖಾಲಿ ಐತೆ ಅಂತಾರೆ. ದೀಪಾವಳೀಲಿ ಆಟದ್ ಪಿಸ್ತೂಲ್ಗೆ ಕೇಪ್ ಇಟ್ಟು ಹೊಡ್ಯೋ ಮಕ್ಳು ಅವು. ಒಂದಿನ ಸ್ಟೂಲ್ ಹತ್ತಿ ಇದ್ಕೂ ಒಂದ್ ಇಕ್ಕುದ್ರೆ? ನಂಗೆ ಕಂಪ್ನೀಲಿ ಕೆಲ್ಸದ್ ಮ್ಯಾಲೆ ಗ್ಯಾನವೇ ಇರಾಕಿಲ್ಲ."

ಲೈಸೆನ್ಸ್ ಸರಿಯಿದ್ದರೆ ಹಿಂದಕ್ಕೆ ಕೊಡಲೇಬೇಕು, ನನಗೆ ಇಟ್ಟುಕೊಳ್ಳುವ ಅಧಿಕಾರವಿಲ್ಲ ಎಂದೆ. "ಹಂಗಾರೆ ನಿಮ್ಗೆ ಹೇಳಿ ಏನ್ ಬಂತು?" ಎಂದು ಎದ್ದು ಹೋದಳು. ಆ ಮಾತು ನನಗೆ ಚುಚ್ಚಿತು.

ಮರುದಿನ ತಿಮ್ಮರಾಯಪ್ಪ ಬಂದ. ಬಂದೂಕನ್ನು ಮೇಜಿನ ಮೇಲೆ ಅಡ್ಡಲಾಗಿ ಇಟ್ಟ. ಅದರ ಬಾಯಿ ನೇರವಾಗಿ ನಮ್ಮ ರೈಟರ್‌ನ ಹೊಟ್ಟೆಗೆ ಗುರಿಯಾಗಿತ್ತು. ರೈಟರ್ ಎಂದರೆ ಠಾಣೆಯ ಬರವಣಿಗೆ ನೋಡುವವನು. ಪಾಪ, ತಲೆ ತಗ್ಗಿಸಿ ಬರೆಯುತ್ತಲೇ ಇದ್ದ.

"ಗುಂಡು ತೆಗೆದಿದ್ದೀಯಾ ತಿಮ್ಮರಾಯಣ್ಣ?"

"ಖಾಲಿ ಕಣಮ್ಮ. ಕೇಪ್ ಕಿತ್ತಾಕಿವ್ನಿ."

ನಾನು ಬಂದೂಕನ್ನು ಎತ್ತಿ ಬಾಯಿಯನ್ನು ಮೇಲಕ್ಕೆ ತಿರುಗಿಸಿದೆ. ಕಡ್ಡಿಯನ್ನು ಒಳಗೆ ಬಿಟ್ಟೆ, ನಳಿಕೆಯ ತುದಿಗೆ ಸರಿಯಾಗಿ ಹೆಬ್ಬೆರಳಿನಿಂದ ಗುರುತು ಹಿಡಿದೆ, ಹೊರಗೆಳೆದು ನಳಿಕೆಯ ಪಕ್ಕದಲ್ಲಿ ಇಟ್ಟು ನೋಡಿದೆ. ಕಡ್ಡಿ ಬುಡದವರೆಗೆ ಹೋದರೆ ಮಾತ್ರ ಬಂದೂಕು ಖಾಲಿ. ಇದು ನಾಲ್ಕು ಬೆರಳು ಮೊದಲೇ ನಿಂತಿತ್ತು. ಒಳಗೆ ಮದ್ದು, ಗುಂಡು ಎರಡೂ ಹಾಯಾಗಿ ಕೂತಿದ್ದವು.

"ಇದೇನಣ್ಣ?"

"ಕೇಪ್ ಇಲ್ವಲ್ಲಮ್ಮ!" ಎಂದ, ನನಗೇನೂ ತಿಳಿಯದೆಂಬಂತೆ.

ಅವನು ಸುಳ್ಳು ಹೇಳಲಿಲ್ಲ. ಇದನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ಆ ಊರುಗಳ ಗಂಡಸರ ಲೆಕ್ಕದಲ್ಲಿ ಕೇಪು ಕಿತ್ತರೆ ಬಂದೂಕು ಖಾಲಿ. ಅಪ್ಪ ಹಾಗೆ ಹೇಳಿದ್ದ, ಅವನ ಅಪ್ಪ ಅವನಿಗೆ ಹಾಗೆ ಹೇಳಿದ್ದ. ತುಂಬಿದ ಮದ್ದನ್ನು ಹೊರಗೆ ತೆಗೆಯುವುದು ಕಷ್ಟದ ಕೆಲಸ, ಕೇಪು ಕೀಳುವುದು ಕ್ಷಣದ ಮಾತು. ಅನುಮಾನ ಬಂದು ಅಂದು ಒಪ್ಪಿಸಿದ್ದ ಮಿಕ್ಕ ನಾಡ ಬಂದೂಕುಗಳಿಗೂ ಕಡ್ಡಿ ಬಿಟ್ಟೆ. ಖಾಲಿ ಇದ್ದದ್ದು ಒಂದೇ, ಅದೂ ಕುದುರೆ ಮುರಿದು ಹೋಗಿದ್ದರಿಂದ. ರೈಟರ್ ಎದ್ದು ಹೊರಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದ.

ಆ ಠಾಣೆಯ ಇನ್‌ಸ್ಪೆಕ್ಟರ್ ಒಳ್ಳೆಯವರು, ಆದರೆ ಅಂದು ಕೆಂಡವಾದರು. ಎಲ್ಲರ ಮೇಲೂ ಕೇಸು ಹಾಕಿ ಎಂದರು. ನಾನು, "ಸಾರ್, ಕೇಸು ಹಾಕಿದರೆ ಮುಂದಿನ ಸಲ ಬಂದೂಕು ಠಾಣೆಗೆ ಬರುವುದಿಲ್ಲ, ಹುಲ್ಲಿನ ಬಣವೆಗೆ ಹೋಗುತ್ತದೆ. ಹಿಂದಕ್ಕೆ ಕೊಡುವ ಮೊದಲು ಅರ್ಧ ಗಂಟೆ ನನಗೆ ಬಿಡಿ. ಪಾಠ ಹೇಳಿ ಕೊಡುತ್ತೇನೆ" ಎಂದೆ.

"ಇದು ಪೊಲೀಸ್ ಸ್ಟೇಷನ್ನಾ, ಇಸ್ಕೂಲಾ?" ಎಂದರು. ಟೋಪಿ ಎತ್ತಿಕೊಳ್ಳುತ್ತಾ, "ಮಾಡು. ಯಾರಾದರೂ ದೂರು ಕೊಟ್ಟರೆ ನನಗೇನೂ ಗೊತ್ತಿಲ್ಲ" ಎಂದು ಜೀಪು ಹತ್ತಿದರು. ಕೃಷ್ಣಗಿರಿಯಿಂದ ನನ್ನ ಗುರುಗಳ ಕಡೆಯವರು ಬಂದು ಎಲ್ಲ ಬಂದೂಕುಗಳನ್ನೂ ಖಾಲಿ ಮಾಡಿ ಹೋದರು.

ಚುನಾವಣೆ ಮುಗಿದು ಬಂದೂಕು ಹಿಂದಕ್ಕೆ ಕೊಡುವ ದಿನದ ಆ ಮೊದಲ ಪಾಠವನ್ನು ನೆನೆದರೆ ಈಗಲೂ ನಗು ಬರುತ್ತದೆ. ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ಗಂಡಸರನ್ನೆಲ್ಲ ಕೂರಿಸಿ, ನಾನು ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಕಾನೂನಿನ ಸೆಕ್ಷನ್‌ಗಳನ್ನು ಕಚೇರಿಯ ತಮಿಳಿನಲ್ಲಿ ಒಂದೊಂದಾಗಿ ಓದಿದೆ. ಎಲ್ಲರೂ ತಲೆಯಾಡಿಸಿದರು. ಒಬ್ಬ ಕೂತಲ್ಲೇ ಗೊರಕೆ ಹೊಡೆದ. ಇನ್ನೊಬ್ಬ, "ಹೆಣ್ಣೆಂಗ್ಸು ನಮ್ಗೆ ತುಪಾಕಿ ಹೇಳ್ಕೊಡೋ ಕಾಲ ಬಂತಲ್ಲಪ್ಪೋ" ಎಂದು ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು. ಪಾಠ ಮುಗಿದು ಬಂದೂಕು ಹೊತ್ತು ಹೋದರು.

ಹದಿನೈದು ದಿನ ಬಿಟ್ಟು ಬೇರೆ ಕೆಲಸದ ನೆಪದಲ್ಲಿ ತಿಮ್ಮರಾಯಪ್ಪನ ಮನೆಗೆ ಹೋದೆ. ಬಂದೂಕು ಗೋಡೆಯ ಮೇಲೆ ಅದೇ ಜಾಗದಲ್ಲಿ, ಕೆಳಗೆ ಮಕ್ಕಳ ಚಾಪೆ, ದಿಂಬು. ಇಳಿಸಿ ಕಡ್ಡಿ ಬಿಟ್ಟೆ. ನಾಲ್ಕು ಬೆರಳು ಮೊದಲೇ ನಿಂತಿತು.

"ಏನಣ್ಣ, ಅಷ್ಟು ಹೇಳಿದೆನಲ್ಲ!"

"ನೀ ಹೇಳೋದು ಸರಿ ಕಣಮ್ಮ. ಆದ್ರೆ ಹೊಲಕ್ಕೆ ಹಂದಿ ನುಗ್ಗುದ್ರೆ ನಾನ್ ಮದ್ದು ತುಂಬೋಗಂಟ ನಿಂತ್ಕಂಡಿರ್ತದಾ? ಕೇಪ್ ಇಟ್ಟಿಲ್ಲ ಬುಡು."

ಹೊರಗೆ ಬಂದು ಗಾಡಿ ಹತ್ತುವಾಗ ನನಗೆ ಒಂದು ವಿಷಯ ನಿಚ್ಚಳವಾಯಿತು. ಬಂದೂಕು ಬೇಕಾದವನ ಕೈಯಲ್ಲೇ ಅದನ್ನು ಪರೀಕ್ಷೆ ಮಾಡಿಸುವುದು ದಂಡ. ಅವನಿಗೆ ಅದು ತುಂಬಿರಬೇಕು. ಪರೀಕ್ಷೆ ಮಾಡಬೇಕಾದವರು ಅದರ ಕೆಳಗೆ ಮಲಗುವವರು, ಅದರ ಕೆಳಗೆ ಕಸ ಗುಡಿಸುವವರು. ಇನ್ನು ನನ್ನ ಪಾಠ ಹೆಂಗಸರಿಗೆ ಎಂದು ಅಲ್ಲೇ ತೀರ್ಮಾನಿಸಿದೆ.

ತೀರ್ಮಾನಿಸುವುದು ಸುಲಭ. ಆ ಊರುಗಳಲ್ಲಿ ಹೆಂಗಸರು ಬಂದೂಕು ಮುಟ್ಟುವಂತಿಲ್ಲ. ಮುಟ್ಟಿದರೆ ಮೈಲಿಗೆ, ದಾಟಿದರೆ ಗುರಿ ತಪ್ಪುತ್ತದೆ, ಬಸುರಿಯ ನೆರಳು ಬಿದ್ದರೆ ಬೇಟೆಯೇ ಸಿಗುವುದಿಲ್ಲ. ಗೋಡೆ ಸುಣ್ಣ ಬಳಿಯುವಾಗಲೂ ಅದರ ಸುತ್ತ ಒಂದು ಗೇಣು ಬಿಟ್ಟು ಬಳಿಯುತ್ತಾರೆ. ಗಂಡಸರು ಹೀಗೆನ್ನುತ್ತಾರೆಂದು ನನಗೆ ಗೊತ್ತಿತ್ತು. ರತ್ನಮ್ಮನೂ ಹೀಗೆನ್ನುತ್ತಾಳೆಂದು ಗೊತ್ತಿರಲಿಲ್ಲ. ಠಾಣೆಗೆ ಕರೆಸಿ ಕಡ್ಡಿಯನ್ನು ಕೈಗೆ ಕೊಟ್ಟರೆ ಹಾವು ಕಂಡವಳಂತೆ ಹಿಂದೆ ಸರಿದಳು.

"ಅಯ್ಯೋ, ಬ್ಯಾಡ ಏಟಮ್ಮ. ನಾವು ಮುಟ್ಟಂಗಿಲ್ಲ. ಏನಾರಾ ಹೆಚ್ಚುಕಮ್ಮಿ ಆದ್ರೆ ನನ್ ತಲೆಗೇ ಕಟ್ತಾರೆ."

ಠಾಣೆಗೆ ಒಬ್ಬಳೇ ಬಂದು ನನ್ನ ಮುಖಕ್ಕೆ ಹೊಡೆದಂತೆ ಮಾತಾಡಿದವಳು ಇವಳೇನಾ ಎನ್ನಿಸಿತು. ನಾನು ಬಂದೂಕಿನ ಮಾತು ಬಿಟ್ಟು ಅವಳ ಕಂಪನಿ ಕೆಲಸ ಏನೆಂದು ಕೇಳಿದೆ. ಯಂತ್ರದಲ್ಲಿ ತಗಡು ಒತ್ತುವ ಕೆಲಸ ಎಂದಳು. ಯಂತ್ರ ಕೆಟ್ಟು ಒಳಗೆ ಕೈ ಹಾಕಬೇಕಾದರೆ ಏನು ಮಾಡುತ್ತೀರಿ ಎಂದೆ.

"ಕರೆಂಟ್ ಆಫ್ ಮಾಡಿ, ಸ್ವಿಚ್ಚಿಗೆ ನಮ್ ಬೀಗ ನಾವೇ ಹಾಕಿ, ಬೀಗದ್ ಕೈ ಜೇಬಲ್ಲಿ ಮಡೀಕಂಡು, ಇನ್ನೊಂದ್ಸಲ ಬಟನ್ ಒತ್ತಿ ನೋಡಿ, ಆಮ್ಯಾಲೆ ಕೈ ಹಾಕೋದು."

"ಸೂಪರ್‌ವೈಸರ್ ಬಂದು, ನಾನು ಆಫ್ ಮಾಡಿದ್ದೀನಿ, ಕೈ ಹಾಕಮ್ಮ ಅಂದ್ರೆ?"

"ಅವ್ನ್ ಮಾತ್ ನಂಬಿ ಕೈ ಹಾಕಾದಾ? ಕೈ ನಂದಲ್ವಾ ಏಟಮ್ಮ?"

ಹಾಗೆಂದವಳು ತಾನಾಗಿಯೇ ಕೈ ಚಾಚಿ ಕಡ್ಡಿ ತೆಗೆದುಕೊಂಡಳು. ಠಾಣೆಯಲ್ಲಿ ಯಾವುದೋ ಹಳೆಯ ಕೇಸಿನ ಮುರುಕು ಬಂದೂಕೊಂದಿತ್ತು. ಅದರಲ್ಲೇ ಕಲಿತಳು. ಕಂಪನಿ ಕೈ, ಒಂದೇ ಸಲಕ್ಕೆ ಬಂತು.

ನಡುವೆ ಇನ್‌ಸ್ಪೆಕ್ಟರ್ ಬದಲಾದರು. ಹೊಸಬರು ಹುರುಪಿನವರು. ರತ್ನಮ್ಮನಿಂದ ಶುರುವಾಗಿ ನಾನು ಹಳ್ಳಿಗಳಲ್ಲಿ ಹೆಂಗಸರಿಗೆ ಮಾಡುತ್ತಿದ್ದ ಪಾಠದ ಸುದ್ದಿ ಕೇಳಿ, ದೊಡ್ಡದಾಗಿಯೇ ಮಾಡೋಣವೆಂದು ಒಂದು ಶಾಲೆಯ ಮೈದಾನದಲ್ಲಿ ಆಯುಧ ಪ್ರದರ್ಶನ ಇಟ್ಟರು. ಶಾಮಿಯಾನ, ಮೈಕು, ಉದ್ದ ಮೇಜಿನ ಮೇಲೆ ರೈಫಲ್‌ಗಳು. ಬಂದ ಜನರಲ್ಲಿ ಮುಕ್ಕಾಲು ಪಾಲು ಮೊಬೈಲ್ ಹಿಡಿದು ಬಂದವರು. ಒಬ್ಬ ತಂದೆ ನಾಲ್ಕು ವರ್ಷದ ಮಗಳ ಕೈಗೆ ರೈಫಲ್ ಕೊಟ್ಟು ಫೋಟೊ ತೆಗೆಯಬೇಕೆಂದು ಹಟ ಹಿಡಿದ. ನಾನು ಸರ್ವೀಸಿಗೆ ಸೇರಿದಾಗ ಜನ ಬಂದೂಕನ್ನು ಮುಟ್ಟಿ ನೋಡುತ್ತಿದ್ದರು, ಈಗ ಅದರ ಪಕ್ಕ ನಿಂತು ತಮ್ಮನ್ನೇ ನೋಡಿಕೊಳ್ಳುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಸೊಳ್ಳೆಗೂ ಹೆದರುವ ಹುಡುಗರು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತಿರುತ್ತಾರೆ.

ಆ ಶಾಲೆಯ ಹೆಡ್‌ಮಾಸ್ಟರರು ನನ್ನನ್ನು ಪಕ್ಕಕ್ಕೆ ಕರೆದು, "ಇದೆಲ್ಲ ಬೇಕಾಗಿತ್ತೇನಮ್ಮಾ? ತೋರಿಸಿದರೆ ಮಕ್ಕಳಿಗೆ ಆಸೆ ಹುಟ್ಟುತ್ತದೆ. ಕಣ್ಣಿಗೆ ಬೀಳದಂತೆ ಇಟ್ಟರೆ ಒಳ್ಳೆಯದಲ್ಲವೇ?" ಎಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಪ್ರದರ್ಶನದ ವಿಷಯದಲ್ಲಿ ಅವರೇ ಸರಿ, ಅದನ್ನು ಒಪ್ಪಿಕೊಂಡೆ. ಆದರೆ ಮನೆಯ ಗೋಡೆಯ ಮೇಲೇ ಇರುವುದನ್ನು ಮಕ್ಕಳ ಕಣ್ಣಿಂದ ಮರೆಮಾಡುವುದು ಹೇಗೆ ಸಾರ್ ಎಂದು ಕೇಳಿದೆ. ಇನ್‌ಸ್ಪೆಕ್ಟರ್‌ಗೆ ಮಾತ್ರ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟೆ: ಇಂಥ ಪ್ರದರ್ಶನಕ್ಕೆ ಇನ್ನು ನಾನು ಬರುವುದಿಲ್ಲ, ಬೇಕಾದರೆ ಮೆಮೊ ಕೊಡಿ. ಅವರು ಮೆಮೊ ಕೊಟ್ಟರು. ನಾನು ಹೋಗಲಿಲ್ಲ.

ಇನ್ನು ಆ ವರ್ಷದ ಆಯುಧ ಪೂಜೆಯ ವಿಷಯ. ಹಿಂದಿನ ದಿನ ರತ್ನಮ್ಮ ಫೋನ್ ಮಾಡಿದಳು. "ಏಟಮ್ಮ, ನಾಳೆ ತುಪಾಕಿ ಇಳುಸ್ತಾರೆ. ಪೂಜೆ ಆದ್ಮೇಲೆ ಒಂದ್ ಈಡು ಹೊಡ್ಯೋದು ನಮ್ಮನೆ ಪದ್ಧತಿ. ನೀವ್ ಬರ್ಲೇಬೇಕು." ಹಾಗೆ ಗಾಳಿಯಲ್ಲಿ ಗುಂಡು ಹಾರಿಸುವುದು ಕಾನೂನಿಗೆ ವಿರುದ್ಧ. ಪೊಲೀಸಿನವಳನ್ನೇ ಕರೆಯುತ್ತಿದ್ದಾಳೆಂದರೆ ಮನಸ್ಸಿನಲ್ಲಿ ಏನೋ ಗಟ್ಟಿ ಮಾಡಿಕೊಂಡಿದ್ದಾಳೆ ಎಂದುಕೊಂಡೆ. ನಮ್ಮ ಠಾಣೆಯ ಪೂಜೆ ಮುಗಿಸಿ, ಸೀರೆಯುಟ್ಟು ಹೊರಟೆ.

ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿತ್ತು. ಆನೆಗಳು ಸಾನಮಾವಿಗೆ ಬಂದಿವೆ ಎಂಬ ಸುದ್ದಿ ಇತ್ತು, ಆದ್ದರಿಂದ ಊರಿನ ಗಂಡಸರು ಒಂದಷ್ಟು ಜನ ತಿಮ್ಮರಾಯಪ್ಪನ ಮನೆಯಲ್ಲೇ ಸೇರಿದ್ದರು. ನಡುಮನೆಯಲ್ಲಿ ದೇವರ ಪಟ, ಅದರ ಮುಂದೆ ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು, ಬೈಕಿನ ಕೀಲಿ. ಎಲ್ಲದರ ಮೇಲೆ ಬಂದೂಕು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಅಡ್ಡ ಮಲಗಿತ್ತು. ಬಾಯಿ ಬಾಗಿಲ ಕಡೆಗೆ. ಬಾಗಿಲ ಹತ್ತಿರ ಮಕ್ಕಳೆಲ್ಲ ಕಡಲೆಪುರಿಗೆ ಕಾದು ಕೂತಿದ್ದರು. ನಾನು ಬಗ್ಗಿ ನೋಡಿದೆ. ಪೂಜೆಯ ನಂತರ ಈಡು ಹೊಡೆಯಬೇಕಲ್ಲ, ಮುದುಕ ಕೇಪನ್ನೂ ಇಟ್ಟು ಬಿಟ್ಟಿದ್ದ. ತಟ್ಟೆಯಲ್ಲಿ ಕರ್ಪೂರ ಸಿದ್ಧವಾಗಿತ್ತು.

ಮೊದಲು ಮಕ್ಕಳನ್ನು ಎಬ್ಬಿಸಿ ಪಕ್ಕದ ಗೋಡೆಗೆ ಕಳಿಸಿದೆ. ಬಂದೂಕಿಗೆ ಕೈ ಹಾಕಲು ತಿರುಗುವಷ್ಟರಲ್ಲಿ ರತ್ನಮ್ಮ ನನಗಿಂತ ಮೊದಲೇ ಅದರ ಮುಂದೆ ಕೂತಿದ್ದಳು. ಸೆರಗಿನಿಂದ ಕೈ ಒರೆಸಿಕೊಂಡು, ಮೊದಲು ಕೇಪನ್ನು ಮೆಲ್ಲಗೆ ತೆಗೆದು ನನ್ನ ಕೈಗೆ ಕೊಟ್ಟಳು.

"ಲೇ ರತ್ನಾ! ಮುಟ್ಬ್ಯಾಡ!" ತಿಮ್ಮರಾಯಪ್ಪ ಕೂಗಿದ.

"ಮುಟ್ತೀನಿ ಮಾವ."

ಬಂದೂಕನ್ನು ಎತ್ತಿ ಬಾಯಿಯನ್ನು ಸೂರಿನ ಕಡೆಗೆ ಮಾಡಿ ಗೋಡೆಗೆ ಆನಿಸಿದಳು. ಕಡ್ಡಿ ಬಿಟ್ಟಳು, ಹೆಬ್ಬೆರಳಿನಿಂದ ಹಿಡಿದಳು, ಹೊರಗೆ ತೆಗೆದು ಪಕ್ಕದಲ್ಲಿಟ್ಟು ಎಲ್ಲರಿಗೂ ಕಾಣುವಂತೆ ತೋರಿಸಿದಳು.

"ನೋಡಿ ಮಾವ, ಇಷ್ಟು ತುಂಬೈತೆ. ಇದು ಖಾಲಿ ಆಗೋಗಂಟ ನನ್ ಮಕ್ಳು ಈ ಮನೆವೊಳೀಕೆ ಬರಾಕಿಲ್ಲ. ನಾನೂ ಬರಾಕಿಲ್ಲ."

ಇಬ್ಬರು ಮಕ್ಕಳ ಕೈ ಹಿಡಿದು ಅಂಗಳಕ್ಕೆ ಇಳಿದಳು. ಅವಳ ಗಂಡ ಅಪ್ಪನ ಮುಖ ನೋಡಿದ, ಹೆಂಡತಿಯ ಬೆನ್ನು ನೋಡಿದ, ಏನು ಮಾಡುವುದೆಂದು ತೋಚದೆ ನಿಂತ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ಎದ್ದು ತನ್ನ ಮೊಮ್ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಇನ್ನೊಬ್ಬಳು ಎದ್ದಳು. ಎಲ್ಲ ಹೆಂಗಸರೂ ಮಕ್ಕಳೂ ಅಂಗಳದಲ್ಲಿ ನಿಂತರು, ಗಂಡಸರು ಒಳಗೆ. ಹಚ್ಚಿದ ಊದಿನಕಡ್ಡಿ ಉರಿದು ಮುಗಿಯಿತು, ಮಂಗಳಾರತಿ ಆಗಲಿಲ್ಲ.

ತಿಮ್ಮರಾಯಪ್ಪನ ಮುಖ ಕಪ್ಪಿಟ್ಟಿತ್ತು. ನನ್ನನ್ನು ದುರುಗುಟ್ಟಿ ನೋಡಿ, "ಇದೆಲ್ಲಾ ನಿನ್ ಕಿತಾಪತಿ" ಎಂದ. ಹೌದು ಎಂದೆ. ಬಂದೂಕು ಎತ್ತಿಕೊಂಡು ದುಡುದುಡು ಹಿತ್ತಿಲ ಕಡೆ ನಡೆದ. ಹೊಡೆದು ಖಾಲಿ ಮಾಡುವುದು ಬಿಟ್ಟರೆ ಅಲ್ಲಿ ಬೇರೆ ದಾರಿಯಿರಲಿಲ್ಲ. ನಾನು ಹಿಂದೆಯೇ ಓಡಿ, ಎಲ್ಲರನ್ನೂ ಅವನ ಬೆನ್ನ ಹಿಂದೆ ದೂರ ನಿಲ್ಲಿಸಿ, ಹೊಲದಾಚೆಯ ಮಣ್ಣಿನ ದಿಬ್ಬ ತೋರಿಸಿ, ಅದರ ಬುಡಕ್ಕೆ ಹೊಡಿ ಎಂದೆ. ಕೇಪು ಕೊಟ್ಟೆ.

ಅವನು ಗುರಿಯಿಟ್ಟ. ಕುದುರೆ ಬಿತ್ತು. ಚಟ್ ಎಂದು ಕೇಪು ಸಿಡಿಯಿತು, ಅಷ್ಟೇ. ಬಂದೂಕು ಹಾರಲಿಲ್ಲ.

ಮುದುಕನ ಮುಖದಲ್ಲಿ ಗೆದ್ದ ನಗು. "ನೋಡಮ್ಮ, ಸತ್ತೋಗೈತೆ ಮದ್ದು. ಇದಕ್ಯಾ ಇಷ್ಟು..." ಎನ್ನುತ್ತಾ ಬಂದೂಕು ಹಿಡಿದುಕೊಂಡೇ ಅಂಗಳದ ಕಡೆಗೆ ತಿರುಗತೊಡಗಿದ.

"ತಿರುಗಬೇಡ! ಹಂಗೇ ಹಿಡ್ಕೋ!"

ಅಷ್ಟು ಜೋರಾಗಿ ನಾನು ಪರೇಡಿನಲ್ಲೂ ಕೂಗಿರಲಿಲ್ಲ. ಅವನು ಬೆಚ್ಚಿ ಮತ್ತೆ ದಿಬ್ಬದ ಕಡೆ ತಿರುಗಿದ. ಒಂದೆರಡು ಉಸಿರಿನಷ್ಟು ಹೊತ್ತು. ಒಳಗೆಲ್ಲೋ ಹೊಗೆಯಾಡುತ್ತಿದ್ದ ಕಿಡಿ ಆಗ ಮದ್ದಿಗೆ ತಗಲಿತು. ಬಂದೂಕು ಹಾರಿತು. ದಿಬ್ಬದ ಮಣ್ಣು ಎದ್ದು ರಾಗಿಯ ಮೇಲೆ ಸುರಿಯಿತು. ಹೊಗೆ ಇಳಿದ ಮೇಲೆ ನೋಡಿದರೆ ತಿಮ್ಮರಾಯಪ್ಪ ಬದುವಿನ ಮೇಲೆ ಕುಸಿದು ಕೂತಿದ್ದ. ಬಂದೂಕು ಪಕ್ಕದಲ್ಲಿ ಬಿದ್ದಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ. ತಾನು ತಿರುಗಲು ಹೊರಟಿದ್ದ ಕಡೆ ನೋಡುತ್ತಿದ್ದ. ಅಲ್ಲಿ ಅಂಗಳದಲ್ಲಿ ಅವನ ಮೊಮ್ಮಕ್ಕಳು ತಾಯಿಯ ಸೀರೆ ಹಿಡಿದು ನಿಂತಿದ್ದರು.

ರತ್ನಮ್ಮ ಬಂದು ಬಂದೂಕಿಗೆ ಇನ್ನೊಮ್ಮೆ ಕಡ್ಡಿ ಬಿಟ್ಟು ನೋಡಿದಳು. ಬುಡ ಮುಟ್ಟಿತು. ಅದನ್ನು ಹೊತ್ತುಕೊಂಡು ತಾನೇ ಒಳಗೆ ಹೋದಳು, ಮಕ್ಕಳನ್ನೂ ಕರೆದುಕೊಂಡಳು. ಮಂಗಳಾರತಿಯಾಯಿತು, ಕಡಲೆಪುರಿ ಹಂಚಿದರು. ತಿಮ್ಮರಾಯಪ್ಪ ಒಳಗೆ ಬರದೆ ಜಗುಲಿಯ ಮೇಲೆ ಕೂತ. ನಾನೂ ಹೋಗಿ ಅವನ ಪಕ್ಕದಲ್ಲೇ ಕೂತೆ.

ಗಂಡಸರಿಗೆ ಮಾತ್ರ ಬೇರೆ ಚಿಂತೆ. ಅವರಲ್ಲೊಬ್ಬ ಮುಂದೆ ಬಂದು, "ತಿಮ್ಮರಾಯಣ್ಣ, ಆದದ್ದಾಯ್ತು. ಆನೆ ಸಾನಮಾವಲ್ಲೇ ಅವೆ. ಸಂಜೆಗೆ ಇಲ್ಲೀಗೇ ಇಳೀತವೆ. ಈಗ್ಲೇ ಮದ್ದು ತುಂಬಿ ಮಡೀಕೊ. ನೀನ್ ಮುಂದ್ ನಡೀದಿದ್ರೆ ಯಾರ್ ಬತ್ತಾರೆ?" ಎಂದ. ಮಿಕ್ಕವರೂ ಹೂಂಗುಟ್ಟಿದರು.

ತಿಮ್ಮರಾಯಪ್ಪ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಕಡಲೆಪುರಿಯನ್ನು ತಿನ್ನದೆ ಹಾಗೆಯೇ ಹಿಡಿದುಕೊಂಡಿದ್ದ.

"ನನ್ನ ಯಾಕ್ರಲಾ ಕೇಳ್ತೀರ?" ಎಂದ. "ಒಳ್ಗೆ ನನ್ ಸೊಸೆ ಅವ್ಳೆ. ಅವ್ಳನ್ನ ಕೇಳ್ಕಂಡ್ ಬನ್ನಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಹೋಗಿ ಕೇಳುವ ಧೈರ್ಯ ಅವರಲ್ಲಿ ಯಾರಿಗೂ ಬರಲಿಲ್ಲ.